ಅಬ್ಬಾ ಹಿಡಿದ ಏಳನೆಯ ತಪ್ಪು

ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಮೊದಲಿನಿಂದಲೂ ಬೀಗುತ್ತಿದ್ದವಳು. ಹುಬ್ಬಳ್ಳಿಯ ನವನಗರದಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹೊಸ ಆ್ಯಪ್ ಏನೇ ಬಂದರೂ ಇಳಿಸಿಕೊಂಡು, ಅದರ ಹುಳುಕನ್ನೆಲ್ಲ ಬರೆದು ತಯಾರಿಸಿದವರಿಗೆ ಕಳಿಸದಿದ್ದರೆ ನನಗೆ ಊಟ ಸೇರುವುದಿಲ್ಲ. ಹೀಗಾಗಿ ಹೊಸ ಬ್ರೌಸರೊಂದು ಬಿಡುಗಡೆಯಾದ ವಾರವೇ ಅದು ನನ್ನ ಫೋನಿನಲ್ಲಿತ್ತು. ಭಾನುವಾರದೊಳಗೆ ಆರು ತಪ್ಪು ಹಿಡಿದಿದ್ದೆ. ಮುಚ್ಚಿದ ಪುಟ ತಾನಾಗಿ ಮತ್ತೆ ತೆರೆಯುತ್ತಿತ್ತು, ಬೇಡವೆಂದರೂ ಸುದ್ದಿ ತೋರಿಸುತ್ತಿತ್ತು, ಅಕ್ಷರ ದೊಡ್ಡದು ಮಾಡಿದರೆ ಅರ್ಧ ಸಾಲು ಪರದೆಯಾಚೆ ಹೋಗುತ್ತಿತ್ತು. ಉಳಿದವು ಇನ್ನೂ ಸಣ್ಣವು, ಆದರೂ ಬಿಡಲಿಲ್ಲ.

ಆರನೆಯದನ್ನು ಬರೆಯುತ್ತಿದ್ದಾಗ ನನ್ನ ತಂದೆ, ಅಬ್ಬಾ, ಪಕ್ಕದಲ್ಲಿ ಬಂದು ಕೂತರು. ಅವರು ಹೊಲಿಗೆ ಮಷಿನ್ ರಿಪೇರಿ ಮಾಡುವವರು. ಹಳೇ ಹುಬ್ಬಳ್ಳಿಯಲ್ಲಿ ಅಂಗಡಿ. ಮನೆಯಲ್ಲಿ ನಮ್ಮದು ಉರ್ದು, ಆದರೆ ಕೆಲಸದ ಮಾತು ಬಂತೆಂದರೆ ಇಬ್ಬರ ಬಾಯಿಗೂ ಗಿರಾಕಿಗಳ ಕನ್ನಡವೇ ಬರುತ್ತದೆ. ಯಾವುದೋ ಹಳೆಯ ಮಷಿನ್ನಿನ ಒಳಭಾಗದ ಚಿತ್ರ ಅವರಿಗೆ ಬೇಕಿತ್ತು. ಹೊಸ ಬ್ರೌಸರಿನಲ್ಲೇ ಪುಟ ಹುಡುಕಿ ಫೋನ್ ಕೈಗೆ ಕೊಟ್ಟೆ.

ಅಬ್ಬಾ ಚಿತ್ರದ ಮೇಲೆ ಹೆಬ್ಬೆರಳು ಇಟ್ಟರು. ಚಿತ್ರ ದೊಡ್ಡದಾಗಲಿಲ್ಲ, ನಕಲಿಸು, ಉಳಿಸು, ಹಂಚು ಎಂಬ ಪಟ್ಟಿ ಬಂತು. ಮತ್ತೆ ಇಟ್ಟರು, ಮತ್ತೆ ಅದೇ ಪಟ್ಟಿ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

“ಒತ್ತಿ ಹಿಡೀಬ್ಯಾಡ್ರಿ ಅಬ್ಬಾ, ಮುಟ್ಟಿ ಬಿಡ್ರಿ. ಎಷ್ಟು ಸಲ ಹೇಳೂದು?”

ಅವರು ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಇನ್ನೊಮ್ಮೆ ಪ್ರಯತ್ನಿಸಿದರು. ಆಮೇಲೆ ಫೋನನ್ನು ನನ್ನ ಮುಂದೆ ಇಟ್ಟುಬಿಟ್ಟರು.

“ನನ್ನ ಕೈ ಜಡ ಆಗೇತಿ. ಇನ್ನ ಮ್ಯಾಲೆ ನೀನೇ ನೋಡಿ ಹೇಳು.”

ಕೈಯನ್ನೇ ನಂಬಿ ಬದುಕಿದವರು ಹಾಗೆ ಅಂದದ್ದು ನನಗೆ ಆಗ ತಟ್ಟಲೇ ಇಲ್ಲ. ನಾನು ನನ್ನ ಆರನೆಯ ತಪ್ಪಿಗೆ ಮರಳಿದೆ.

ಮರುದಿನ ಬುತ್ತಿ ಕೊಡಲು ಅಂಗಡಿಗೆ ಹೋದೆ. ಅಮರಗೋಳದ ಹೆಣ್ಣುಮಗಳೊಬ್ಬಳು ಮಷಿನ್ ತಂದಿದ್ದಳು.

“ಕಾಕಾ, ದಾರ ಹರಿಯಾಕತ್ತೈತ್ರಿ. ನನ್ನ ಕೈನೇ ಸರಿ ಇಲ್ಲಂತಾರ ಮನ್ಯಾಗ.”

“ತಡೀರಿ ತಂಗಿ, ಮೊದಲ ಮಷಿನ್ ನೋಡೂಣು. ಕೈಗೆ ಆಮ್ಯಾಲೆ ಬೈಯೂಣಂತ” ಎಂದರು ಅಬ್ಬಾ.

ಚಿಕ್ಕಂದಿನಿಂದ ಈ ಮಾತು ಕೇಳಿದ್ದೇನೆ. ಅಬ್ಬಾ ಎಂದೂ ಗಿರಾಕಿಯ ಕೈಯನ್ನು ಮೊದಲು ದೂರಿದವರಲ್ಲ. ಸೂಜಿ ಇಳಿಯುವ ತಗಡಿನ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಆಡಿಸಿ, ಒಂದು ಕಡೆ ನಿಲ್ಲಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಒರಟು ಅಲ್ಲಿತ್ತು. ಅರದಿಂದ ಉಜ್ಜಿ, ಹೊಲಿದು ತೋರಿಸಿದರು, ದಾರ ಹರಿಯಲಿಲ್ಲ. ಆ ಹೆಣ್ಣುಮಗಳ ಮುಖ ಅರಳಿದ್ದನ್ನು ನೋಡಿ ನಾನು ತಲೆ ತಗ್ಗಿಸಿದೆ. ಹಿಂದಿನ ದಿನ ನಾನು ಬೈದದ್ದು ಮೊದಲು ಕೈಗೆ.

ಅವಳು ಹೋದಮೇಲೆ ಫೋನ್ ತೆಗೆದೆ. ಅದೇ ಪುಟವನ್ನು ಹಳೆಯ ಬ್ರೌಸರಿನಲ್ಲಿ ತೆರೆದು, “ನಿಮ್ಮ ಪದ್ಧತೀಲೇ ಒತ್ರಿ” ಎಂದೆ. ಚಿತ್ರ ತಟ್ಟನೆ ದೊಡ್ಡದಾಯಿತು. ಹೊಸದರಲ್ಲಿ ಒತ್ತಿಸಿದೆ, ಪಟ್ಟಿ ಬಂತು. ಅದೇ ಬೆರಳು, ಅದೇ ಪುಟ. ಬೆರಳು ಅರೆಕ್ಷಣ ನಿಂತರೂ ಸಾಕು, ಹೊಸ ಬ್ರೌಸರ್ ಅದನ್ನು ಒತ್ತಿ ಹಿಡಿದದ್ದೆಂದು ತಿಳಿಯುತ್ತಿತ್ತು. ನನ್ನ ಬೆರಳು ಗುಬ್ಬಿಯ ಹಾಗೆ ಕುಪ್ಪಳಿಸುವುದರಿಂದ ಆ ತಪ್ಪು ನನಗೆ ಸಿಕ್ಕಿರಲೇ ಇಲ್ಲ.

“ತಪ್ಪು ನಿಮ್ಮ ಕೈದಲ್ಲ ಅಬ್ಬಾ. ನಾ ಸುಮ್ಮನ ಬೈದೆ.”

ಅವರು ಬುತ್ತಿ ಬಿಚ್ಚಿದರು.

ಏಳನೆಯದಾಗಬೇಕಿದ್ದ ಅದನ್ನು ನನ್ನ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆದೆ. ಕೆಳಗೆ ‘ಪರೀಕ್ಷಿಸಿದವರು: ಹುಬ್ಬಳ್ಳಿಯ ಹೊಲಿಗೆ ಮಷಿನ್ ಮೆಕ್ಯಾನಿಕ್’ ಎಂದು ಸೇರಿಸಿ ತಯಾರಿಸಿದವರಿಗೆ ಕಳಿಸಿದೆ. ಕೆಲವು ವಾರಗಳ ನಂತರ ಉತ್ತರ ಬಂತು. ಇದು ತಮಗೆ ಗೊತ್ತೇ ಆಗಿರಲಿಲ್ಲ, ಸರಿಪಡಿಸಿದ್ದೇವೆ, ಮೆಕ್ಯಾನಿಕರಿಗೆ ಧನ್ಯವಾದ ತಿಳಿಸಿ ಎಂದಿತ್ತು. ನನ್ನ ಆರು ತಪ್ಪುಗಳ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅಂದು ಅಂಗಡಿಗೆ ಹೋಗಿ ಅಬ್ಬಾಗೆ ಅದನ್ನು ಎರಡು ಸಲ ಓದಿ ಹೇಳಿದೆ. ಡಿಗ್ರಿ ಬಂದ ದಿನವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

ಸರಿಪಡಿಸಿದ ಬ್ರೌಸರ್ ಇಳಿಸಿ ಫೋನ್ ಕೊಟ್ಟೆ. ಅಬ್ಬಾ ಈ ಸಲ ಹೆಬ್ಬೆರಳನ್ನು ಒರೆಸಿಕೊಳ್ಳಲಿಲ್ಲ. ಎಣ್ಣೆ ಹತ್ತಿದ್ದ ಹಾಗೆಯೇ, ತಮ್ಮ ನಿಧಾನದಲ್ಲೇ, ಚಿತ್ರದ ಮೇಲೆ ಇಟ್ಟರು. ಅದು ತೆರೆಯಿತು.

“ಒರಟು ಹೋತು” ಎಂದರು. ಫೋನನ್ನು ಮಾತ್ರ ವಾಪಸ್ ಕೊಡಲಿಲ್ಲ.