ಮಗಳ ಕೋಣೆ, ಅಕ್ಕನ ಕಿಟಕಿ

ಪಕ್ಕದ ಮನೆ ಅಕ್ಕನ ಬಲಗೈ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಚಿಕ್ಕಂದಿನಲ್ಲಿ ಈಳಿಗೆಮಣೆಗೆ ಕೊಟ್ಟದ್ದು. ಆ ಮೊಂಡು ಬೆರಳನ್ನು ಎದುರಿನವರ ಮುಖಕ್ಕೆ ನೆಟ್ಟೇ ಮಾತಾಡುತ್ತಿದ್ದಳು. ತಿಲಕ್ ನಗರದ ನಮ್ಮ ಬೀದಿಯಲ್ಲಿ ಅದಕ್ಕೆ ಹೆದರದವರಿರಲಿಲ್ಲ. ಹುಳಿ ಮಾಡಿದ ದಿನ ಒಂದು ಬಟ್ಟಲು ಕಾಂಪೌಂಡ್ ಮೇಲಿಟ್ಟು, "ಉಪ್ಪು ಜಾಸ್ತಿ ಅಂದ್ರೆ ವಾಪಸ್ ಇಸ್ಕೊಂಡ್ಬಿಡ್ತೀನಿ" ಎನ್ನುತ್ತಿದ್ದಳು.

ಗಂಡನನ್ನು ಬಿಟ್ಟು ಬಂದ ಮಗಳಿಗೆಂದು ನಾನು ಮಹಡಿ ಮೇಲೊಂದು ಕೋಣೆ ಕಟ್ಟಿಸಿದೆ. ಪರ್ಮಿಷನ್ ತೆಗೆಯಲಿಲ್ಲ. ಬೀದಿಯಲ್ಲಿ ಯಾರೂ ತೆಗೆದಿರಲಿಲ್ಲ. ಮಂಚ ಹಿಡಿಯಲಿ ಎಂದು ಗೋಡೆಯನ್ನು ಅಕ್ಕನ ಕಾಂಪೌಂಡಿನವರೆಗೂ ಚಾಚಿಸಿದೆ. ಕೆಳಗೆ ಅವಳ ಅಡುಗೆಮನೆ ಕತ್ತಲಾಯಿತು.

"ಗೋಡೆ ಹಿಂದಕ್ಕೆ ತಗೊಳ್ಳೇ. ಕತ್ಲಲ್ಲಿ ತರಕಾರಿ ಹೆಚ್ಚಿ ಇನ್ನೊಂದು ಬೆರಳೂ ಕಳ್ಕೊಳ್ಳಾ?" ಎಂದಳು.

"ಲೈಟ್ ಹಾಕ್ಕೋ ಅಕ್ಕ" ಎಂದೆ.

ಕೋಣೆಯನ್ನೇ ಒಡೆಯುತ್ತೇವೆಂದು ಕಾರ್ಪೊರೇಷನ್ನಿಂದ ನೋಟಿಸ್ ಬಂತು. ದೂರು ಕೊಟ್ಟವರು ಯಾರೆಂದು ತಿಳಿಯದೆ ನಾನು ಬೀದಿಗೆಲ್ಲ ಬೈಯುತ್ತ ನಿಂತಿದ್ದಾಗ ಅಕ್ಕ ಹೊರಗೆ ಬಂದಳು.

"ಎಲ್ರನ್ನೂ ಯಾಕೆ ಬೈತೀಯ? ಕೊಟ್ಟೋಳು ನಾನು. ರೂಮಿನ ಮೇಲಲ್ಲ, ಗೋಡೆ ಮೇಲೆ."

ಅಂದು ಸಂಜೆಯೂ ಹುಳಿ ಬಂತು. ನಾನು ಮುಟ್ಟಲಿಲ್ಲ. ಮಗಳು ತಿಂದಳು.

ಕಟ್ಟಿದ್ದನ್ನು ಮಂಜೂರು ಮಾಡಿಕೊಡಿ ಎಂದು ಅರ್ಜಿ ಹಾಕಿದೆವು. ನಕ್ಷೆ ಬರೆಯುವವನು ಗೋಡೆಯನ್ನು ಒಳಕ್ಕೆ ಸರಿಸಿ ಬರೆದ. ಇಂಜಿನಿಯರ್ ನೋಡಲು ಬಂದಾಗ ಸುಮ್ಮನಿದ್ದುಬಿಡು ಎಂದು ಅಕ್ಕನನ್ನು ಕೇಳಿಕೊಂಡೆ.

"ಪೇಪರಲ್ಲಿ ಗೋಡೆ ಸರಿದ್ರೆ ನನ್ನ ಕಿಟಕಿಗೆ ಬೆಳಕು ಬರುತ್ತೇನೇ?"

ಇಂಜಿನಿಯರ್ ಬಂದ. ಬೆರಳು ಅವನ ಮುಖಕ್ಕೂ ಎದ್ದಿತು. "ಆ ನಕ್ಷೆ ಸುಳ್ಳು ಸಾರ್. ಗೋಡೆ ಒಡೆಸಿ. ರೂಮ್ ಮಾತ್ರ ಮುಟ್ಬೇಡಿ, ಆ ಹುಡ್ಗಿಗೆ ಬೇರೆ ಜಾಗ ಇಲ್ಲ."

ಗೋಡೆ ಹಿಂದಕ್ಕೆ ಬಂದರೆ ಉಳಿದದ್ದಕ್ಕೆ ದಂಡ ಹಾಕಿ ಮಂಜೂರು ಮಾಡಬಹುದು ಎಂದು ಅವನು ಹೇಳಿ ಹೋದ. ಒಡೆಸಿದೆ. ಮಂಚ ಹಿಡಿಯಲಿಲ್ಲ, ಮಗಳು ಚಾಪೆ ಮೇಲೆ ಮಲಗುತ್ತಾಳೆ. ಅಕ್ಕನ ಅಡುಗೆಮನೆಗೆ ಬೆಳಕು ಬಂತು. ಆ ಬೆಳಕಲ್ಲಿ ಅವಳು ಹೆಚ್ಚು ದಿನ ಹುಳಿ ಮಾಡಲಿಲ್ಲ. ಸಕ್ಕರೆ ಕಾಯಿಲೆ ಕಾಲಿಗಿಳಿದು ಸತ್ತಳು. ನಾನು ಅಳಲಿಲ್ಲ. ಅವಳ ಬಟ್ಟಲೊಂದು ನಮ್ಮಲ್ಲೇ ಉಳಿದಿದೆ.

ನಮ್ಮ ಮಂಜೂರಾತಿ ಇನ್ನೂ ಬಂದಿಲ್ಲ. ಅಕ್ಕನ ಮನೆ ಕೊಂಡವರು ಅದನ್ನು ಕೆಡವಿ, ಒಂದಡಿಯೂ ಬಿಡದೆ, ಮಗಳ ಕಿಟಕಿಗೆ ಅಡ್ಡವಾಗಿ ಪಿಲ್ಲರ್ ಎಬ್ಬಿಸುತ್ತಿದ್ದಾರೆ.

"ಸುಮ್ನಿರಮ್ಮ, ನಮ್ದೇ ಫೈಲ್ ಅಲ್ಲಿ ಕೂತಿದೆ. ಅವ್ರೂ ನಮ್ಮ ಮೇಲೆ ಕಂಪ್ಲೇಂಟ್ ಕೊಟ್ರೆ ಇರೋ ರೂಮೂ ಹೋಗುತ್ತೆ" ಎನ್ನುತ್ತಾಳೆ ಮಗಳು.

ಹೋದರೂ ಹೋಗಬಹುದು. ನಾಳೆ ದೂರು ಕೊಡುತ್ತೇನೆ. ಇವತ್ತು ಕೆಲಸ ನಡೆಯುವಲ್ಲಿಗೇ ಹೋಗಿ, ಕೊಡುವವಳು ನಾನು ಎಂದು ಓನರ್ ಮುಖಕ್ಕೇ ಹೇಳಿ ಬಂದೆ.