ಚಪ್ಪರದ ಹೊರಗೆ ನಿಂತ ಮುನೆಮ್ಮ

ಇಂದು ಮಧ್ಯಾಹ್ನ ಮುಳಬಾಗಿಲಿನ ರಾಮನವಮಿ ಚಪ್ಪರದಲ್ಲಿ, ರಸಾಯನಕ್ಕೆ ಹಣ್ಣು ಕೊಟ್ಟವಳಿಗೇ ರಸಾಯನ ಕೊಡಲಿಲ್ಲ. ಗೆಳೆಯರೇ, ಇದು ನಾನು ಕಣ್ಣಾರೆ ಕಂಡದ್ದು.

ಬೈರಕೂರಿನ ಹರಿಜನ ಕೇರಿಯ ಮುನೆಮ್ಮ ತಾನು ಬೆಳೆದ ಕರಬೂಜಗಳನ್ನು ಬುಟ್ಟಿಯಲ್ಲಿ ಹೊತ್ತು ತಂದಿದ್ದಳು. ಭಜನೆ ಮಂಡಳಿಯವರು ಹಣ್ಣಿಗೆ ನೀರು ಚಿಮುಕಿಸಿ ಒಳಗೊಯ್ದು ಹೆಚ್ಚಿದರು. ಮಹಾಯುದ್ಧದ ದೆಸೆಯಿಂದ ಅಂಗಡಿಗಳಲ್ಲಿ ಸಕ್ಕರೆಯಿಲ್ಲ. ಬೆಲ್ಲ, ಏಲಕ್ಕಿ, ಕಾಯಿತುರಿ ಬೆರೆಸಿದರು. ನಾವೆಲ್ಲ ತಿಂದೆವು.

"ಸಾಮಿ, ಮೊಮ್ಮಗಳು ಜ್ವರ ಬಂದು ಮಲಗವ್ಳೆ. ಎಲೆ ತಂದಿದೀನಿ, ಒಂದು ಹಿಡಿ ಹಾಕಿ," ಎಂದಳು ಮುನೆಮ್ಮ ಹೊರಗಿನಿಂದ.

"ದೂರ ನಿಂತ್ಕೊಳಮ್ಮ, ಮೊದ್ಲು ಎಲ್ಲಾರ್ದೂ ಆಗ್ಲಿ," ಎಂದರು ಮಂಡಳಿಯ ಅಧ್ಯಕ್ಷರು, ತಿರುಗಿಯೂ ನೋಡದೆ.

ಎಲ್ಲರದೂ ಆಯಿತು, ಕೊಳಗವೂ ಬರಿದಾಯಿತು.

"ಎಲ್ಲಾರ್ ಜೊತೆ ನಾನಿಲ್ವಾ ಸಾಮಿ?" ಎಂದು ಕೇಳಿ, ಎಲೆ ಮಡಚಿಕೊಂಡು ಹೊರಟುಹೋದಳು. ನಾನು ಖಾಲಿ ದೊನ್ನೆ ಹಿಡಿದು ಸುಮ್ಮನೆ ನಿಂತಿದ್ದೆ. ಅದು ನನ್ನ ತಪ್ಪು.

ಐದು ವರ್ಷದ ಕೆಳಗೆ ಇದೇ ಅಧ್ಯಕ್ಷರು ಖಾದಿಯುಟ್ಟು, ದೇವರ ಮುಂದೆ ಎಲ್ಲರೂ ಸಮವೆಂದು ಇದೇ ಚಪ್ಪರದಲ್ಲಿ ಅರ್ಧ ಗಂಟೆ ಮಾತಾಡಿದ್ದರು. ಅವರು ಮರೆತಿರಬಹುದು, ನಾನು ಮರೆತಿಲ್ಲ.

ಮುನೆಮ್ಮನ ಹಣ್ಣು ರಾಮನಿಗೆ ಸಲ್ಲುವುದಾದರೆ, ಮುನೆಮ್ಮ ಯಾರಿಗೆ ಸಲ್ಲದವಳು? ಅಧ್ಯಕ್ಷರು ನಾಳೆ ಸಂಜೆ ಊರ ವಾಚನಾಲಯದಲ್ಲಿ ಎಲ್ಲರೆದುರು ಉತ್ತರ ಹೇಳಲಿ. ಕೇಳಲು ಅವಳನ್ನೂ ಒಳಗೆ ಕರೆದು ಕೂರಿಸಲಿ.