ಬಟ್ಟೆ ಬಡಿಯುತ್ತ ಹಾಡಿದ ಮಧ್ಯಾಹ್ನ

ನೆದರ್ಲೆಂಡ್ಸಿನ ಮಾಸ್ಟ್ರಿಕ್ಟಿನಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಗೋಡೆ ಬಹಳ ತೆಳು. ಆಚೆ ಮನೆಯವರು ಸೀನಿದರೆ ಈಚೆ ನಾನು ಬೆಚ್ಚುತ್ತಿದ್ದೆ. ಕೊರೋನಾದ ಮೊದಲ ಚಳಿಗಾಲ ಅದು. ನಮ್ಮ ಪ್ರಯೋಗಾಲಯ ಮುಚ್ಚಿತ್ತು. ಸಂಶೋಧನೆಯೆಂದರೆ ಲ್ಯಾಪ್‌ಟಾಪಿನ ಮುಂದೆ ಕೂತು ಆಕಳಿಸುವುದು ಎಂಬಂತಾಗಿತ್ತು. ಹಾಗಿರುವಾಗ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಧಪ್, ಧಪ್ ಎಂದು ಒದ್ದೆ ಬಟ್ಟೆ ಒಗೆಯುವ ಸದ್ದು ಬಂತು. ಅದರ ತಾಳಕ್ಕೆ ಸರಿಯಾಗಿ ಒಂದು ಹೆಣ್ಣುದನಿ ಹಾಡುತ್ತಿತ್ತು. ಭಾಷೆ ಡಚ್ ಅಲ್ಲ, ಇಂಗ್ಲಿಷೂ ಅಲ್ಲ.

ವಾಷಿಂಗ್ ಮಷೀನ್ ಕೆಟ್ಟಿರಬೇಕು ಅಂದುಕೊಂಡೆ. ಆದರೆ ಮರುದಿನವೂ ಅದೇ ಸದ್ದು, ಅದೇ ಹಾಡು. ತಡೆಯಲಾರದೆ ಹಿತ್ತಲಿಗೆ ಹೋದೆ. ನಮ್ಮೆರಡು ಮನೆಗೂ ಸೇರಿ ಇದ್ದದ್ದು ಒಂದೇ ಹಿತ್ತಲು. ಅಲ್ಲಿ ಕತ್ತರಿಸಿದ ನರೆಗೂದಲಿನ, ಅರವತ್ತು ದಾಟಿದ ಹೆಂಗಸೊಬ್ಬರು ದಪ್ಪ ಟವೆಲ್ ಹಿಂಡುತ್ತಿದ್ದರು. ಕಡ್ಡಾಯದ ಒಂದೂವರೆ ಮೀಟರ್ ದೂರದಲ್ಲಿ ನಿಂತು ಇದು ಎಲ್ಲಿಯ ಹಾಡೆಂದು ಕೇಳಿದೆ. ತಾವು ಸ್ಕಾಟ್ಲೆಂಡಿನವರೆಂದೂ, ಪಶ್ಚಿಮದ ಕಡಲಿನ ದ್ವೀಪವೊಂದರಲ್ಲಿ ಹುಟ್ಟಿ, ಡಚ್ ನಾವಿಕನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದವರೆಂದೂ ಹೇಳಿದರು.

"ಓ, ಸ್ಕಾಟ್ಲೆಂಡ್! ಗಂಡಸರ ಲಂಗ ಕಿಲ್ಟು, ಊದೋ ಬ್ಯಾಗ್‌ಪೈಪು..." ಎಂದು ನನಗೆ ಗೊತ್ತಿದ್ದಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

"ವಿಸ್ಕಿ ಬಿಟ್ಟೆಯಲ್ಲ, ಅದನ್ನೂ ಸೇರಿಸಿಕೋ," ಎಂದು ಅವರು ಜೋರಾಗಿ ನಕ್ಕರು. "ನಮ್ಮಪ್ಪ ಜನ್ಮದಲ್ಲಿ ಕಿಲ್ಟ್ ಉಟ್ಟವರಲ್ಲ, ಒಂದು ಹನಿ ವಿಸ್ಕಿ ಕುಡಿದವರೂ ಅಲ್ಲ. ಮನೆ ಹಿಂದಿನ ಶೆಡ್ಡಿನಲ್ಲಿ ಮಗ್ಗ ತುಳಿದು ಉಣ್ಣೆ ಬಟ್ಟೆ ನೇಯ್ತಿದ್ದರು. ಭಾನುವಾರ ಬಂತು ಅಂದರೆ ನಮ್ಮೂರಲ್ಲಿ ಮಕ್ಕಳ ಉಯ್ಯಾಲೆಗೂ ಸರಪಳಿ ಬಿಗಿಯೋರು. ದೇವರ ದಿನ, ಯಾರೂ ಆಡೋ ಹಾಗಿಲ್ಲ!"

ಅವರ ಮನೆಮಾತು ಗ್ಯಾಲಿಕ್. ಶಾಲೆಯಲ್ಲಿ ಇಂಗ್ಲಿಷ್ ಕಲಿತರು, ಗಂಡನಿಗಾಗಿ ಡಚ್ ಕಲಿತರು. "ಇಲ್ಲಿ ಗ್ಯಾಲಿಕ್‌ನಲ್ಲಿ ಮಾತಾಡೋಕೆ ನನಗೆ ಯಾರೂ ಇಲ್ಲ. ಹಾಡೋಕೆ ಇನ್ನೊಬ್ಬರು ಬೇಕಿಲ್ಲವಲ್ಲ," ಎಂದರು.

ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಜಾಳುಜಾಳಾಗಿ ಇರುತ್ತದಂತೆ. ಹಿಂದೆ ಊರಿನ ಹೆಂಗಸರೆಲ್ಲ ಉದ್ದನೆ ಹಲಗೆಯ ಸುತ್ತ ಕೂತು, ಅದನ್ನು ಒದ್ದೆ ಮಾಡಿ, ಗಂಟೆಗಟ್ಟಲೆ ಬಡಿದು ಬಡಿದು ಕುಗ್ಗಿಸಿ ಗಟ್ಟಿ ಮಾಡುತ್ತಿದ್ದರು. ಕೈ ಸೋಲದಿರಲೆಂದು ಹಾಡು. ಒಬ್ಬಳು ಸಾಲು ಹೇಳಿದರೆ ಉಳಿದವರು ಪಲ್ಲವಿ ಎತ್ತಿಕೊಳ್ಳಬೇಕು. ಈಗ ಆ ಕೆಲಸವನ್ನೆಲ್ಲ ಮಿಲ್ಲುಗಳು ಮಾಡುತ್ತವೆ. ಇವರ ಅಜ್ಜಿ ಹಾಡುತ್ತಿದ್ದಾಗ ಹಲಗೆಯ ಕೆಳಗೆ ಕೂತು ಕೇಳಿದ್ದಷ್ಟೇ ಇವರ ಅನುಭವ. ಲಾಕ್‌ಡೌನ್ ಬಂದದ್ದೇ ಅಟ್ಟದಲ್ಲಿದ್ದ ಪುಟ್ಟ ಮಗ್ಗದ ಧೂಳು ಕೊಡವಿ ನೇಯಲು ಕೂತಿದ್ದರು. ಬಟ್ಟೆ ಮುಗಿಯುವಷ್ಟರಲ್ಲಿ ಹಾಡುಗಳೂ ಬಾಯಿಗೆ ಬರಲೆಂದು ಟವೆಲ್ ಬಡಿದು ಅಭ್ಯಾಸ ನಡೆಸಿದ್ದರು.

ಕೇಳುತ್ತ ಕೇಳುತ್ತ ನನ್ನ ಮೈಮೇಲೆ ಮುಳ್ಳೆದ್ದಿತ್ತು. "ನಮ್ಮವ್ವ ಬೀಸೋ ಕಲ್ಲಿನ ಮುಂದೆ ಹಾಡೋದೂ ಹೀಗೇ!" ಎಂದು ಕೂಗಿಯೇಬಿಟ್ಟೆ. ಅಲ್ಲಿಂದಲೇ ಗದಗಿಗೆ ವಿಡಿಯೋ ಕಾಲ್ ಹಚ್ಚಿದೆ. ಅವರು ಟವೆಲನ್ನು ಹಿತ್ತಲಿನ ಬೆಂಚಿಗೆ ಬಡಿಯುತ್ತ ಒಂದು ಪಲ್ಲವಿ ಹಾಡಿದರು. ಅವ್ವ ಕಣ್ಣು ಪಿಳಿಪಿಳಿ ಮಾಡುತ್ತ ಕೇಳಿದಳು.

"ಏ, ಇದು ಬೀಸೂ ಹಾಡ್ ಇದ್ದಂಗ ಐತಲ್ಲಬೇ! ಅಕಿ ಏನ್ ಬೀಸಾಕತ್ತಾಳ?"

"ಬೀಸೂದಲ್ಲವ್ವಾ, ಬಟ್ಟಿ ಬಡ್ಯಾಕತ್ತಾರ."

"ಬಡೀಲಿ ಬಿಡು. ಪಲ್ಲವಿಗೆ ಏನರ ಅರ್ಥ ಐತೇನ್ ಕೇಳು."

ಕೇಳಿದೆ. ಅರ್ಥವಿಲ್ಲ, ಬರೀ ನಾದ ಎಂದರು. ಅವ್ವ ತೊಡೆ ತಟ್ಟಿಕೊಂಡು ನಕ್ಕಳು. "ನಮ್ಮ ಸುವ್ವಿಗೆ ಏನ್ ಅರ್ಥ ಐತಿ ಮತ್ತ?"

ಮಗ್ಗದ ಬಟ್ಟೆ ಸಿದ್ಧವಾದಾಗ ಕೊರೋನಾದ ಎರಡನೆಯ ಬೇಸಿಗೆ ಬಂದಿತ್ತು. ಲಸಿಕೆ ಬಂದಿತ್ತು, ಹೊರಗೆ ಸೇರಲು ಅನುಮತಿಯೂ ಸಿಕ್ಕಿತ್ತು. ಒಂದು ಶನಿವಾರ ಮಧ್ಯಾಹ್ನ ಹಿತ್ತಲಿನಲ್ಲಿ ಮೇಜಿಗೆ ಮೇಜು ಜೋಡಿಸಿ ಉದ್ದ ಹಲಗೆ ಮಾಡಿದೆವು. ನಾನು, ನನ್ನ ಜೊತೆ ಓದುತ್ತಿದ್ದ ಮಂಡ್ಯದ ಗೆಳತಿ, ಬೀದಿಯ ಕೆಲವು ಡಚ್ ಹೆಂಗಸರು ಬೆಳಿಗ್ಗೆಯೇ ಮೂಗಿಗೆ ಕಡ್ಡಿ ಹಾಕಿಕೊಂಡು ಪರೀಕ್ಷೆ ಮುಗಿಸಿ ಬಂದಿದ್ದೆವು. ನಾವಿಕ ಯಜಮಾನರು ತಾವೂ ಕೂರುವೆನೆಂದು ಕುರ್ಚಿ ಎಳೆದರು.

"ಗಂಡಸರಿಗೆ ಇಲ್ಲಿ ಜಾಗ ಇಲ್ಲ, ನಮ್ಮಜ್ಜಿ ಕಾಲದ ಕಾನೂನು. ನೀನು ಚಹಾ ನೋಡು," ಎಂದು ಹೆಂಡತಿ ಅಟ್ಟಿದರು. ಯಜಮಾನರು ಸೆಲ್ಯೂಟ್ ಹೊಡೆದು ಒಳಗೆ ಹೋದರು.

ಸಾಬೂನಿನ ಬಿಸಿನೀರಿನಿಂದ ಬಟ್ಟೆ ಎತ್ತುವಾಗ ಹೆಂಡತಿ ಇನ್ನೊಂದು ಮಾತು ಸೇರಿಸಿದರು. ಹಿಂದೆ ಸಾಬೂನಿನ ಬದಲು, ಮನೆಮನೆಯಿಂದ ಕೂಡಿಟ್ಟ ಹಳೇ ಮೂತ್ರದಲ್ಲಿ ನೆನೆಸುತ್ತಿದ್ದರಂತೆ. ಅದನ್ನು ಕೇಳಿದ್ದೇ ಗೆಳತಿ ಎರಡೂ ಕೈ ಮೇಲೆತ್ತಿದಳು. "ಅಯ್ಯೋ, ಇದನ್ನ ಈಗ್ಲೇ ಹೇಳ್ಬೇಕಿತ್ತಾ? ಇವತ್ತು ಸೋಪೇ ತಾನೆ, ಕರೆಕ್ಟಾಗಿ ಕೇಳೇ!"

ಎರಡು ತುದಿ ಹೊಲಿದು ಬಳೆಯಂತಾಗಿದ್ದ ಬಟ್ಟೆ ಹಲಗೆಯ ಸುತ್ತ ಹರಡಿತು. ಬಡಿಯಬೇಕು, ಎಳೆಯಬೇಕು, ಎಡಗಡೆಯವರಿಗೆ ದಾಟಿಸಬೇಕು. ಸೂರ್ಯ ಸಾಗುವ ದಿಕ್ಕಿಗೇ ಸುತ್ತಬೇಕು, ತಿರುಗುಮುರುಗಾದರೆ ಅಪಶಕುನ. "ಪ್ರದಕ್ಷಿಣೆ!" ಎಂದು ನಾನು, ಗೆಳತಿ ಒಟ್ಟಿಗೇ ಹೇಳಿದೆವು.

ಮೊದಲಿಗೆ ಎಲ್ಲ ಎಡವಟ್ಟು. ಒಬ್ಬಳು ಬಡಿದರೆ ಇನ್ನೊಬ್ಬಳು ಎಳೆಯುತ್ತಿದ್ದಳು, ಸಾಬೂನು ನೀರು ಮುಖಕ್ಕೆ ಹಾರುತ್ತಿತ್ತು. ಮೂರನೆಯ ಹಾಡಿಗೆ ಬರುವಷ್ಟರಲ್ಲಿ ಏನೋ ಆಯಿತು. ಎಲ್ಲ ಕೈಗಳೂ ಒಂದೇ ಸಲ ಬಿದ್ದವು. ಧಪ್! ಮೇಜು, ನೆಲ, ನನ್ನ ಎದೆ ಎಲ್ಲವೂ ಅದುರಿದವು. ಅಷ್ಟು ತಿಂಗಳು ಪರದೆಯ ಮೇಲೆ ಚೌಕಚೌಕವಾಗಿ ಕಂಡಿದ್ದ ಮನುಷ್ಯರು ಈಗ ಉಸಿರಾಡುತ್ತ, ಬೆವರುತ್ತ, ಬಾಯಿತುಂಬ ಹಾಡುತ್ತ ಎದುರಿಗಿದ್ದರು. ನನಗೆ ಅಳು ನಗು ಎರಡೂ ಬಂತು.

ಆಗ ತೊಡಕೊಂದು ಎದುರಾಯಿತು. ಪಕ್ಕದ ಮನೆಯವರು ಬಟ್ಟೆಯ ಅಗಲವನ್ನು ನಡುಬೆರಳಿನಿಂದ ಅಳೆದು ಸಾಲದೆಂದು ತಲೆಯಾಡಿಸಿದರು. ಇನ್ನೂ ಕುಗ್ಗಬೇಕು. ಆದರೆ ಅವರಿಗೆ ಬರುತ್ತಿದ್ದ ಹಾಡುಗಳು ಮುಗಿದಿದ್ದವು. ಒಂದೇ ಬಟ್ಟೆಗೆ ಒಂದು ಹಾಡನ್ನು ಎರಡು ಸಲ ಹಾಡುವಂತಿಲ್ಲ, ಅದೂ ಅಜ್ಜಿಯ ಕಾನೂನು. ಅವರು ನನ್ನ ಕಡೆ ತಿರುಗಿದರು. "ನಿಮ್ಮಮ್ಮನನ್ನು ಕರಿ."

ಫೋನನ್ನು ಚಹಾದ ಜಗ್ಗಿಗೆ ಒರಗಿಸಿ ಇಟ್ಟೆ. ಅವ್ವ ಹೊಸ ಇಳಕಲ್ ಸೀರೆ ಉಟ್ಟು ಕಾದೇ ಕೂತಿದ್ದಳು! ಹಾಡು ಸುರುಮಾಡಿದಳು. ಆದರೆ ಅವಳ ದನಿ ಸಮುದ್ರ ದಾಟಿ ಬರುವಷ್ಟರಲ್ಲಿ ತಾಳ ತಪ್ಪುತ್ತಿತ್ತು. ನಾವು ಬಡಿದ ಮೇಲೆ "ಸುವ್ವಿ" ಕೇಳುತ್ತಿತ್ತು. ಕೈಗಳು ಮತ್ತೆ ಗೊಂದಲಕ್ಕೆ ಬಿದ್ದವು.

"ಏ, ನಿಂದರಿ, ನಿಂದರಿ!" ಅವ್ವ ಅಲ್ಲಿಂದ ಗದರಿದಳು. "ನೀ ಹಾಡಬೇ. ನಾ ಕೇಳ್ತೀನಿ."

"ನನಗ ಎಲ್ಲಿ ಬರ್ತೈತವ್ವಾ?"

"ಬಾಯಿಗೆ ಬಂದಿದ್ದ ಕಟ್ಟಿ ಹಾಡು. ನಮಗ ಯಾರ್ ಕಲಿಸಿದ್ರು?"

ಶಾಲೆಯ ಪ್ರಾರ್ಥನೆಯಲ್ಲೂ ತುಟಿಯಷ್ಟೇ ಆಡಿಸಿದವಳು ನಾನು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಣ್ಣುಮುಚ್ಚಿ ಒಮ್ಮೆ ಬಡಿದೆ.

"ಕಡಲಾಚೆ ಅಜ್ಜಿಯ ಕಂಬಳಿ ಬಡಿದೇವ, ಸುವ್ವಿ ಬಾ ಸುವ್ವೀ!"

"ಸುವಿ ಬಾ ಸುವೀ!" ಡಚ್ ಬಾಯಿಗಳು ತಡಮಾಡದೆ ಎತ್ತಿಕೊಂಡವು.

"ನಾವಿಕ ಅಣ್ಣಯ್ಯ ಚಹಾ ಸೋಸಿ ದಣಿದಾನ, ಸುವ್ವಿ ಬಾ ಸುವ್ವೀ!"

ಗೆಳತಿ ಅದನ್ನು ಇಂಗ್ಲಿಷಿನಲ್ಲಿ ಒದರಿದಳು. ಎಲ್ಲರೂ ಹಿತ್ತಲೇ ಹಾರಿಹೋಗುವಂತೆ ನಕ್ಕರು. ಆ ದ್ವೀಪದ ಹಾಡುಗಳಲ್ಲೂ ಹೆಂಗಸರು ಗಂಡಸರ ಕಾಲೆಳೆಯುತ್ತಿದ್ದರಂತೆ. ಯಜಮಾನರು ಬಾಗಿಲಿಗೆ ಬಂದು ತಲೆಬಾಗಿ ನಮಸ್ಕರಿಸಿದರು. ಆಮೇಲೆ ನನಗೆ ತಡೆಯೇ ಇರಲಿಲ್ಲ. ಮಾಸ್ಕಿನ ಮೇಲೆ, ಮುಗಿಯದ ನನ್ನ ಥೀಸಿಸ್ ಮೇಲೆ, ಮಗಳು ಹಾಡುತ್ತಾಳೆಂದು ಮೊದಲೇ ಹೇಳದ ಅವ್ವನ ಮೇಲೆ ಸಾಲು ಕಟ್ಟಿದೆ. ನನ್ನೊಳಗೆ ಇಷ್ಟೊಂದು ಹಾಡು ಎಲ್ಲಿತ್ತೋ!

ಅವರು ಮತ್ತೆ ಬೆರಳಿಟ್ಟು ಅಳೆದರು. ಬಟ್ಟೆ ಬೇಕಾದಷ್ಟು ಕುಗ್ಗಿತ್ತು. ಎರಡೂ ಕೈಯಲ್ಲಿ ಅದನ್ನೆತ್ತಿ ಮುಖಕ್ಕೆ ಒತ್ತಿಕೊಂಡು ಗ್ಯಾಲಿಕ್‌ನಲ್ಲಿ ಏನೋ ಹೇಳಿದರು. ಯಾರೂ ಅರ್ಥ ಕೇಳಲಿಲ್ಲ. ಒದ್ದೆ ಉಣ್ಣೆ ಕುರಿಯ ಹಾಗೇ ವಾಸನೆ ಹೊಡೆಯುತ್ತಿತ್ತು. ನಮ್ಮ ಅಂಗೈಗಳೆಲ್ಲ ಕೆಂಪಗಾಗಿದ್ದವು.

ಮರುದಿನ ಹಲ್ಲುಜ್ಜಲು ಕೈ ಎತ್ತಲಾಗದೆ ನರಳುತ್ತಿದ್ದಾಗ ಅವ್ವನ ಫೋನು ಬಂತು. ಹಿಂದೆ ಅವಳ ಭಜನಾ ಮಂಡಳಿಯ ಹೆಂಗಸರ ಗದ್ದಲ. ಎಲ್ಲರೂ ಸೇರಿ ಚಪ್ಪಾಳೆ ತಟ್ಟುತ್ತ, ಅವ್ವ ಮೊದಲ ದಿನ ಕೇಳಿದ್ದ ಆ ಗ್ಯಾಲಿಕ್ ಪಲ್ಲವಿಯನ್ನು ಜೋರಾಗಿ ಹಾಡುತ್ತಿದ್ದರು.

"ಸರಿ ಐತೇನಬೇ? ಇಲ್ಲಾಂದ್ರ ಅಕಿನ್ನ ಕರಿ, ತಿದ್ದಲಿ."

ನಾನು ಗೋಡೆ ಬಡಿದು ಕರೆದೆ. ಅವರು ಹಲ್ಲುಜ್ಜುತ್ತಿದ್ದ ಬ್ರಷ್ ಹಿಡಿದುಕೊಂಡೇ ಓಡಿಬಂದರು.